ಎಚ್‌ಡಿಆರ್ ಚಿತ್ರ ಕೃತಕವಾಗಿ ಕಂಡರೆ: ಭೂದೃಶ್ಯ ಛಾಯಾಗ್ರಾಹಕರಿಗೆ ದೋಷ ನಿವಾರಣೆ ಕೈಪಿಡಿ

ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣವನ್ನು ಬದಲಿಸುತ್ತ, ತೆಗೆದ ಮೂರು ಅಥವಾ ಐದು ಚಿತ್ರಗಳನ್ನು ಸೇರಿಸಿ ಒಂದು ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಚಿತ್ರ ಮಾಡಿದ ಮೇಲೆ ಆಕಾಶ ಸುಟ್ಟು ಬರೀ ಬಿಳಿಯಾಗಿರುವುದಿಲ್ಲ, ನೆಲ ಕಪ್ಪಾಗಿರುವುದಿಲ್ಲ, ಎಲ್ಲ ವಿವರವೂ ಕಾಣುತ್ತಿರುತ್ತದೆ. ಆದರೂ ನೋಡಿದವರು ‘ಇದು ಫೋಟೋನೋ ಪೇಂಟಿಂಗೋ’ ಎಂದು ಕೇಳುತ್ತಾರೆ. ಈ ಕೈಪಿಡಿ ಆ ಒಂದು ದೂರಿಗೆ ಸಂಬಂಧಿಸಿದ್ದು. ಉದಾಹರಣೆಗಳೆಲ್ಲ ಬೀದರ್, ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳವು. ಕರಿಯ ಎರೆಮಣ್ಣು, ಕೆಂಪು ಜಂಬಿಟ್ಟಿಗೆ, ಬೂದು ಬಣ್ಣದ ಶಹಾಬಾದ್ ಕಲ್ಲು ಇವೆಲ್ಲ ಎಚ್‌ಡಿಆರ್ ಸಂಸ್ಕರಣೆಯ ತಪ್ಪುಗಳನ್ನು ಬೇಗ ಬಯಲಿಗೆಳೆಯುವ ವಸ್ತುಗಳಾದುದರಿಂದ ಈ ಭಾಗದ ಚಿತ್ರಗಳಲ್ಲಿ ದೋಷ ಪತ್ತೆ ಮಾಡುವುದು ಸುಲಭ. ಸ್ಲೈಡರ್‌ಗಳ ಹೆಸರನ್ನು ಲೈಟ್‌ರೂಮ್‌ನಲ್ಲಿರುವಂತೆ ಕೊಡಲಾಗಿದೆ. ಬೇರೆ ತಂತ್ರಾಂಶ ಬಳಸುವವರು ತಮ್ಮಲ್ಲಿರುವ ಸಮಾನ ಆಯ್ಕೆಯನ್ನು ನೋಡಿಕೊಳ್ಳಬೇಕು.

ಕೃತಕವೆನಿಸಿದ ಚಿತ್ರದಲ್ಲಿ ಬಹುತೇಕರು ಮೊದಲು ಕೈ ಹಾಕುವುದು ಸ್ಯಾಚುರೇಶನ್‌ಗೆ. ಬಣ್ಣ ಕಡಿಮೆ ಮಾಡಿದರೆ ಚಿತ್ರ ಸಪ್ಪೆಯಾಗುತ್ತದೆಯೇ ಹೊರತು ಸಹಜವಾಗುವುದಿಲ್ಲ, ಏಕೆಂದರೆ ಮೂಲ ದೋಷ ಸಾಮಾನ್ಯವಾಗಿ ಬೆಳಕಿನ ಕ್ರಮದಲ್ಲಿರುತ್ತದೆ. ಆ ಹೊತ್ತಿನಲ್ಲಿ ಆ ಜಾಗದಲ್ಲಿ ಯಾವುದು ಯಾವುದಕ್ಕಿಂತ ಹೆಚ್ಚು ಬೆಳಗುತ್ತಿತ್ತೋ ಆ ಕ್ರಮ ಚಿತ್ರದಲ್ಲಿ ಉಳಿದಿದ್ದರೆ, ಅಂತರವನ್ನು ಎಷ್ಟೇ ಕುಗ್ಗಿಸಿದ್ದರೂ ಕಣ್ಣು ಒಪ್ಪಿಕೊಳ್ಳುತ್ತದೆ. ಕ್ರಮವೇ ಅದಲುಬದಲಾದರೆ ಬಣ್ಣ ಎಷ್ಟು ಸರಿಯಿದ್ದರೂ ಒಪ್ಪುವುದಿಲ್ಲ. ಮುಂದಿನ ಪರೀಕ್ಷೆಗಳೆಲ್ಲ ಹೆಚ್ಚುಕಡಿಮೆ ಈ ಮಾತನ್ನೇ ಆಧರಿಸಿವೆ.

ದೋಷ ಯಾವ ಹಂತದ್ದು?

ಎಚ್‌ಡಿಆರ್ ಚಿತ್ರ ಮೂರು ಹಂತ ದಾಟಿ ಬರುತ್ತದೆ: ಸ್ಥಳದಲ್ಲಿ ಬ್ರಾಕೆಟಿಂಗ್ ಮಾಡಿ (ಒಂದೇ ದೃಶ್ಯವನ್ನು ಹಲವು ಎಕ್ಸ್‌ಪೋಶರ್‌ಗಳಲ್ಲಿ) ತೆಗೆಯುವುದು, ಆ ಚಿತ್ರಗಳನ್ನು ಜೋಡಿಸುವುದು, ಜೋಡಿಸಿದ ಕಡತದ ವಿಶಾಲ ಬೆಳಕಿನ ವ್ಯಾಪ್ತಿಯನ್ನು ಪರದೆಗೆ ಹಿಡಿಸುವಂತೆ ಕುಗ್ಗಿಸುವುದು. ಕೊನೆಯದಕ್ಕೆ ಟೋನ್ ಮ್ಯಾಪಿಂಗ್ ಎನ್ನುತ್ತಾರೆ. ಯಾವ ಹಂತದಲ್ಲಿ ಕೆಟ್ಟಿದೆ ಎಂದು ತಿಳಿಯದೆ ಸ್ಲೈಡರ್ ಎಳೆಯುತ್ತ ಹೋದರೆ ಒಂದು ದೋಷ ಮುಚ್ಚಿ ಇನ್ನೊಂದು ಏಳುತ್ತದೆ. ಆದ್ದರಿಂದ ಮೊದಲು ಜೋಡಿತ ಕಡತದ ಒಂದು ನಕಲನ್ನು ಮಾಡಿಕೊಂಡು, ಅದರ ಮೇಲಿನ ಎಲ್ಲ ಸ್ಲೈಡರ್‌ಗಳನ್ನೂ ಸೊನ್ನೆಗೆ ತಂದು, ಪಕ್ಕದಲ್ಲಿ ಬ್ರಾಕೆಟ್‌ನ ನಡುವಿನ ಎಕ್ಸ್‌ಪೋಶರ್‌ನ ಚಿತ್ರವನ್ನು ಇಟ್ಟು ನೋಡಬೇಕು. ಜೋಡಿಸುವ ಕಿಟಕಿಯಲ್ಲಿ ‘ಆಟೋ ಸೆಟ್ಟಿಂಗ್ಸ್’ ಗುರುತು ಹಾಕಿದ್ದರೆ ತಂತ್ರಾಂಶ ತಾನೇ ಹೈಲೈಟ್ಸ್ (ಬೆಳಕಿನ ಭಾಗ) ಇಳಿಸಿ ಶ್ಯಾಡೋಸ್ (ನೆರಳಿನ ಭಾಗ) ಏರಿಸಿರುತ್ತದೆ. ‘ನಾನು ಇನ್ನೂ ಏನನ್ನೂ ಮುಟ್ಟಿಲ್ಲ, ಆದರೂ ಹೀಗೆ ಬಂದಿದೆ’ ಎನ್ನುವವರಲ್ಲಿ ಬಹಳ ಮಂದಿಯ ತೊಂದರೆ ಅಲ್ಲಿಯೇ ಇರುತ್ತದೆ.

ಸೊನ್ನೆಯಲ್ಲಿ ಜೋಡಿತ ಕಡತ ನಡುವಿನ ಚಿತ್ರದಂತೆಯೇ ಕಾಣುತ್ತದೆ, ಅಂದರೆ ಆಕಾಶ ಬೆಳ್ಳಗೆ, ನೆರಳು ಕಪ್ಪಗೆ. ಇದು ದೋಷವಲ್ಲ. ವಿವರ ಒಳಗಿದೆ, ಪರದೆ ಅಷ್ಟನ್ನು ತೋರಿಸಲಾರದು. ಲೈಟ್‌ರೂಮ್‌ನಲ್ಲಿ ಸಾಮಾನ್ಯ ಕಡತಕ್ಕೆ ಎಕ್ಸ್‌ಪೋಶರ್ ಸ್ಲೈಡರ್ ಐದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಕೆಳಗೆ, ಐದು ಸ್ಟಾಪ್ ಮೇಲೆ ಹೋದರೆ, ಜೋಡಿತ ಎಚ್‌ಡಿಆರ್ ಕಡತಕ್ಕೆ ಹತ್ತು ಸ್ಟಾಪ್‌ವರೆಗೆ ಹೋಗುತ್ತದೆ. ಆ ಸ್ಲೈಡರನ್ನು ಆಚೆ ಈಚೆ ಎಳೆದು ನೋಡಿದರೆ ಒಳಗೇನಿದೆ ಎಂಬುದು ತಿಳಿಯುತ್ತದೆ. ಈ ಸ್ಥಿತಿಯಲ್ಲಿ ಅಂಚುಗಳು ಎರಡೆರಡಾಗಿ ಕಂಡರೆ, ಕಲೆಯಂತಹ ಮಚ್ಚೆಗಳಿದ್ದರೆ, ಎಕ್ಸ್‌ಪೋಶರ್ ಎಷ್ಟು ಇಳಿಸಿದರೂ ಮೋಡದ ವಿವರ ಬಾರದಿದ್ದರೆ ತಪ್ಪು ತೆಗೆಯುವಲ್ಲಿ ಅಥವಾ ಜೋಡಿಸುವಲ್ಲಿ ಆಗಿದೆ. ಸೊನ್ನೆಯಲ್ಲಿ ಇವೇನೂ ಇಲ್ಲದೆ ನಿಮ್ಮ ಸಂಸ್ಕರಣೆ ಮುಗಿದ ಮೇಲೆ ಮಾತ್ರ ಕಂಡರೆ ತಪ್ಪು ಟೋನ್ ಮ್ಯಾಪಿಂಗ್‌ನದು. ಆಗ ಹಿಸ್ಟರಿ ಪಟ್ಟಿಯಲ್ಲಿ ಒಂದೊಂದೇ ಹೆಜ್ಜೆ ಹಿಂದೆ ಹೋಗಿ, ಚಿತ್ರ ಯಾವ ಹೆಜ್ಜೆಯಲ್ಲಿ ಮುರಿಯಿತು ಎಂಬುದನ್ನು ಹಿಡಿಯಬಹುದು.

ಫೋಟೋಮ್ಯಾಟಿಕ್ಸ್‌ನಂತಹ ತಂತ್ರಾಂಶದಲ್ಲಿ ಟೋನ್ ಮ್ಯಾಪ್ ಮಾಡಿ ಟಿಫ್ ಕಡತವಾಗಿ ಉಳಿಸಿದ್ದರೆ ಸೊನ್ನೆಗೆ ಮರಳುವ ದಾರಿ ಇರುವುದಿಲ್ಲ. ಮೂಲ ಬ್ರಾಕೆಟ್ ಚಿತ್ರಗಳಿಂದ ಮತ್ತೆ ಶುರು ಮಾಡಬೇಕು. ಮೊಬೈಲ್‌ನ ಸಾಮಾನ್ಯ ಕ್ಯಾಮೆರಾ ಮೋಡ್‌ನಲ್ಲಿ ತೆಗೆದದ್ದೂ ಹಾಗೆಯೇ. ಫೋನ್ ಹಲವು ಫ್ರೇಮ್‌ಗಳನ್ನು ತಾನೇ ಸೇರಿಸಿ, ತಾನೇ ಕುಗ್ಗಿಸಿ ಕೊಟ್ಟಿರುತ್ತದೆ. ಅಂಥ ಚಿತ್ರವನ್ನು ಮತ್ತೆ ಎಚ್‌ಡಿಆರ್ ಮಾಡಲು ಹೋಗಬಾರದು. ಪ್ರೊ ಮೋಡ್‌ನಲ್ಲಿ ರಾ ಕಡತ (ಸಂಸ್ಕರಿಸದ ಮೂಲ ಕಡತ) ಸಿಗುವಂತಿದ್ದರೆ ಅದನ್ನು ಬಳಸಬೇಕು.

ಎಚ್‌ಡಿಆರ್ ಬೇಕಾಗಿತ್ತೇ ಎಂಬ ಪ್ರಶ್ನೆ

 ಇಂದಿನ ಒಳ್ಳೆಯ ಸೆನ್ಸರ್‌ಗಳು ಅತಿ ಕಡಿಮೆ ಐಎಸ್‌ಒದಲ್ಲಿ (ಬೆಳಕಿಗೆ ಸೆನ್ಸರಿನ ಸಂವೇದನೆಯ ಮಟ್ಟ) 13 ರಿಂದ 14 ಸ್ಟಾಪ್‌ವರೆಗಿನ ವ್ಯಾಪ್ತಿಯನ್ನು ಒಂದೇ ರಾ ಕಡತದಲ್ಲಿ ಹಿಡಿಯುತ್ತವೆ. ಸೂರ್ಯ ಬೆನ್ನ ಹಿಂದಿರುವಾಗ ಸೇಡಂ ಸುತ್ತಿನ ತೊಗರಿ ಹೊಲವೊಂದನ್ನು ತೆಗೆದರೆ ದೃಶ್ಯದ ವ್ಯಾಪ್ತಿ ಅದಕ್ಕಿಂತ ಸಾಕಷ್ಟು ಕಡಿಮೆಯೇ ಇರುತ್ತದೆ. ಅಲ್ಲಿ ಮೂರು ಚಿತ್ರ ಜೋಡಿಸಿದರೆ ಸಿಗುವ ಲಾಭ ಅಲ್ಪ, ಗಾಳಿಗೆ ಅಲ್ಲಾಡುವ ಗಿಡಗಳಿಂದ ಬರುವ ತೊಂದರೆ ದೊಡ್ಡದು. ಪರೀಕ್ಷೆ ಸರಳವಾಗಿದೆ: ಬ್ರಾಕೆಟ್‌ನಲ್ಲಿ ಆಕಾಶ ಸುಡದೆ ಉಳಿದಿರುವ ಚಿತ್ರಗಳ ಪೈಕಿ ಹೆಚ್ಚು ಬೆಳಕಿನದನ್ನು ಆರಿಸಿಕೊಂಡು, ಅದರ ನೆರಳನ್ನು ಎರಡು ಮೂರು ಸ್ಟಾಪ್ ಎತ್ತಿ, ನೂರು ಶೇಕಡಾ ಗಾತ್ರದಲ್ಲಿ ನೋಡಿ. ನಾಯ್ಸ್ (ಮರಳಿನಂತಹ ಚುಕ್ಕೆಗಳು) ಸಹಿಸುವಷ್ಟಿದ್ದರೆ ಆ ಒಂದು ಕಡತವೇ ಸಾಕು.

ಬ್ರಾಕೆಟಿಂಗ್ ನಿಜವಾಗಿಯೂ ಬೇಕಾಗುವ ಜಾಗಗಳೂ ಇವೆ. ಅಷ್ಟೂರಿನ ಬಹಮನಿ ಗುಂಬಜ್‌ಗಳ ಸಾಲಿನ ಹಿಂದೆ ಸೂರ್ಯ ಹುಟ್ಟುವಾಗ ಸೂರ್ಯನೂ ಚೌಕಟ್ಟಿನೊಳಗೆ ಬಂದರೆ, ಬೀದರ್ ಕೋಟೆಯ ಕತ್ತಲೆ ಕಮಾನಿನೊಳಗೆ ನಿಂತು ಹೊರಗಿನ ಬಿಸಿಲನ್ನು ತೆಗೆದರೆ, ತೆರೆದ ಅಂಗಳವಿಲ್ಲದೆ ಪೂರ್ತಿ ಛಾವಣಿ ಹೊದ್ದಿರುವ ಕಲಬುರಗಿ ಕೋಟೆಯ ಜಾಮಿ ಮಸೀದಿಯ ಒಳಗಿನಿಂದ ಕಮಾನುಗಳಾಚೆಯ ಬೆಳಕನ್ನು ಹಿಡಿಯಹೊರಟರೆ, ಒಂದು ಕಡತ ಸಾಲುವುದಿಲ್ಲ. ಎರಡು ಸ್ಟಾಪ್ ಅಂತರದ ಮೂರು ಚಿತ್ರ ಹೆಚ್ಚಿನ ಸಂದರ್ಭಕ್ಕೆ ಸಾಕು; ಸೂರ್ಯ ಚೌಕಟ್ಟಿನಲ್ಲಿದ್ದರೆ ಐದು. ಒಂದೊಂದು ಸ್ಟಾಪ್‌ಗೆ ಒಂದರಂತೆ ಒಂಬತ್ತು ಚಿತ್ರ ತೆಗೆಯುವುದರಿಂದ ಗುಣಮಟ್ಟ ಹೆಚ್ಚುವುದಕ್ಕಿಂತ ಮೋಡ ಸರಿಯುವುದಕ್ಕೆ ಸಮಯ ಸಿಗುತ್ತದೆ.

ಬೆಳಕಿನ ಕ್ರಮ ತಲೆಕೆಳಗಾಗಿದೆಯೇ?

ಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ, ಪರದೆಯಲ್ಲಿ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ. ವಿವರಗಳು ಕರಗಿ ಬರೀ ಬೂದು ತೇಪೆಗಳು ಉಳಿಯುತ್ತವೆ. ನಡುವಿನ ಎಕ್ಸ್‌ಪೋಶರ್‌ನ ಚಿತ್ರವನ್ನೂ ಹಾಗೆಯೇ ಮಾಡಿ ಪಕ್ಕದಲ್ಲಿಡಿ. ಅಲ್ಲಿ ಯಾವ ತೇಪೆ ಯಾವುದಕ್ಕಿಂತ ಬೆಳ್ಳಗಿತ್ತೋ ಇಲ್ಲಿಯೂ ಅದೇ ಬೆಳ್ಳಗಿರಬೇಕು. ಈ ಕೈಪಿಡಿಯಲ್ಲಿ ಒಂದೇ ಪರೀಕ್ಷೆ ನೆನಪಿಡಬೇಕೆಂದರೆ ಇದನ್ನು ನೆನಪಿಡಬಹುದು.

ಸಾಮಾನ್ಯವಾಗಿ ಸಿಗುವ ತಪ್ಪು, ಆಕಾಶವು ನೆಲಕ್ಕಿಂತ ಕಪ್ಪಾಗಿರುವುದು. ಹೈಲೈಟ್ಸ್ ಸ್ಲೈಡರನ್ನು ಕೆಳಗಿನ ತುದಿಗೂ ಶ್ಯಾಡೋಸ್ ಸ್ಲೈಡರನ್ನು ಮೇಲಿನ ತುದಿಗೂ ಎಳೆದಾಗ, ಸಂಜೆಯ ಆಕಾಶ ಸೀಸದ ಬಣ್ಣಕ್ಕಿಳಿದು, ಅದೇ ಆಕಾಶದಿಂದ ಬೆಳಕು ಪಡೆಯುತ್ತಿರುವ ನೆಲ ಅದಕ್ಕಿಂತ ಹೆಚ್ಚು ಹೊಳೆಯತೊಡಗುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲಕ್ಕೆ ಬೆಳಕು ಬರುವುದೇ ಆಕಾಶದಿಂದ. ಕೊಡುವವನಿಗಿಂತ ಪಡೆದವನ ಬಳಿ ಹೆಚ್ಚಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಕಾರಂಜಾ ಜಲಾಶಯ ಅಥವಾ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ತೆಗೆದ ಚಿತ್ರಗಳಲ್ಲಿ ಇದೇ ದೋಷ ಇನ್ನೊಂದು ರೂಪದಲ್ಲಿ ಬರುತ್ತದೆ. ನೀರು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹಿಂತಿರುಗಿಸುವುದಿಲ್ಲ. ನೇರವಾಗಿ ಮೇಲಿನಿಂದ ನೋಡಿದರೆ ಶೇ. 2 ರಷ್ಟು ಮಾತ್ರ ಪ್ರತಿಫಲಿಸುತ್ತದೆ. ನೋಟ ಓರೆಯಾದಷ್ಟೂ ಪ್ರಮಾಣ ಏರುತ್ತದೆ, ಆದರೆ ಪ್ರತಿಬಿಂಬವು ಮೂಲಕ್ಕಿಂತ ಬೆಳಕಾಗುವುದು ಎಂದಿಗೂ ಇಲ್ಲ. ಅಂದಮೇಲೆ ನೀರಿನೊಳಗಿನ ಮೋಡವು ಮೇಲಿನ ಮೋಡಕ್ಕಿಂತ ಬೆಳ್ಳಗಿದ್ದರೆ, ಆಕಾಶವನ್ನು ಅತಿಯಾಗಿ ಇಳಿಸಿದ್ದೀರಿ ಅಥವಾ ನೀರನ್ನು ಅತಿಯಾಗಿ ಎತ್ತಿದ್ದೀರಿ. ಲೆನ್ಸಿನ ಮುಂದೆ ಗ್ರಾಜುಯೇಟೆಡ್ ಎನ್‌ಡಿ ಫಿಲ್ಟರ್ (ಮೇಲ್ಭಾಗ ಕಪ್ಪಾಗಿದ್ದು ಆಕಾಶದ ಬೆಳಕನ್ನು ತಗ್ಗಿಸುವ ಗಾಜು) ಹಾಕಿ ತೆಗೆದ ಚಿತ್ರಗಳಲ್ಲೂ ಈ ತಪ್ಪು ಕಾಣುತ್ತದೆ, ಆದ್ದರಿಂದ ಇದನ್ನು ಎಚ್‌ಡಿಆರ್‌ನ ತಲೆಗೇ ಕಟ್ಟಬೇಕಾಗಿಲ್ಲ. ಸರಿಪಡಿಸಲು ಆಕಾಶಕ್ಕೊಂದು, ನೀರಿಗೊಂದು ಮಾಸ್ಕ್ (ಬದಲಾವಣೆ ಆ ಭಾಗಕ್ಕೆ ಮಾತ್ರ ತಗಲುವಂತೆ ಮಾಡುವ ಆಯ್ಕೆ) ಮಾಡಿ, ಒಂದೇ ಮೋಡ ಎರಡೂ ಕಡೆ ಕಾಣುವಂಥ ಜಾಗದಲ್ಲಿ ಬೆಳಕನ್ನು ಹೋಲಿಸಿ, ನೀರು ಅರ್ಧದಿಂದ ಒಂದು ಸ್ಟಾಪ್ ಕೆಳಗಿರುವಂತೆ ಇಳಿಸಿದರೆ ಹೆಚ್ಚಿನ ಚಿತ್ರಗಳು ಸರಿಹೋಗುತ್ತವೆ.

ಮೂರನೆಯದು ಎರೆಹೊಲ. ಉತ್ತ ಎರೆಮಣ್ಣು, ಅದರಲ್ಲೂ ಮಳೆ ಬಿದ್ದು ನೆನೆದದ್ದು, ತನ್ನ ಮೇಲೆ ಬಿದ್ದ ಬೆಳಕಿನ ಅತಿ ಸಣ್ಣ ಪಾಲನ್ನಷ್ಟೇ ಹಿಂತಿರುಗಿಸುತ್ತದೆ. ತಂತ್ರಾಂಶಕ್ಕೆ ಅದು ನೆರಳೋ ನಿಜವಾಗಿಯೂ ಕರಿಯ ವಸ್ತುವೋ ತಿಳಿಯದು. ಶ್ಯಾಡೋಸ್ ಏರಿಸಿದ ಕೂಡಲೇ ನೆರಳಿನ ಜತೆಗೆ ಮಣ್ಣೂ ಏರಿ, ತೇವವಿದ್ದ ಕಪ್ಪು ಹೋಗಿ ಒಣ ಬೂದಿಯ ಬಣ್ಣ ಬರುತ್ತದೆ. ಬೇರೆ ಊರಿನವರಿಗೆ ಇದು ದೋಷವೆಂದು ಹೊಳೆಯದಿರಬಹುದು. ಆದರೆ ಈ ಕಡೆಯ ಯಾವ ರೈತರಿಗೆ ತೋರಿಸಿದರೂ ‘ಇದು ಎರಿ ಹೊಲ ಅಲ್ರಿ, ಮಸಾರಿ ಇದ್ದಂಗ ಅದ’ ಎಂದುಬಿಡುತ್ತಾರೆ, ಮತ್ತು ಅವರ ಮಾತೇ ಸರಿ. ಇಲ್ಲಿ ಶ್ಯಾಡೋಸ್ ಸ್ಲೈಡರನ್ನು ಇಡೀ ಚಿತ್ರಕ್ಕೆ ಹಾಕದೆ, ಗಿಡಮರಗಳ ಕೆಳಗಿನ ನೆರಳಿಗೆ ಮಾತ್ರ ಮಾಸ್ಕ್ ಮಾಡಿ ಎತ್ತಬೇಕು. ಹಾಗೆ ಮಾಡಲಾಗದಿದ್ದರೆ ಶ್ಯಾಡೋಸ್ 30 ದಾಟದಂತೆ ನೋಡಿಕೊಂಡು, ಬ್ಲ್ಯಾಕ್ಸ್ ಸ್ಲೈಡರನ್ನು ಇಳಿಸಿ ಮಣ್ಣಿನ ಬಿರುಕು ಮತ್ತು ಸಾಲುಗಳ ಒಳಭಾಗವನ್ನು ಪೂರ್ತಿ ಕಪ್ಪಿಗೆ ಮರಳಿಸಬೇಕು. ಚಿತ್ರದಲ್ಲಿ ಎಲ್ಲಿಯೂ ನಿಜವಾದ ಕಪ್ಪು ಇರಬಾರದು ಎಂಬ ನಂಬಿಕೆ ಎಚ್‌ಡಿಆರ್ ಮಾಡುವವರಲ್ಲಿ ಹೇಗೆ ಬೇರೂರಿತೋ ಕಾಣೆ. ಅದನ್ನು ಬಿಟ್ಟರೆ ಅರ್ಧ ದೋಷ ತಾನಾಗಿಯೇ ಹೋಗುತ್ತದೆ.

ಈ ಪರೀಕ್ಷೆಗೆ ಅಪವಾದಗಳಿವೆ. ಮುಂಗಾರಿನ ಸಂಜೆ ಪೂರ್ವದಲ್ಲಿ ಕಾರ್ಮೋಡ ಕವಿದು, ಪಶ್ಚಿಮದಿಂದ ಬಿಸಿಲು ಓರೆಯಾಗಿ ಬೀದರ್‌ನ ಕೆಂಪು ನೆಲದ ಮೇಲೆ ಬಿದ್ದಾಗ ನೆಲವೇ ಆಕಾಶಕ್ಕಿಂತ ಬೆಳಕಾಗಿರುತ್ತದೆ. ಬಿಸಿಲಿನಲ್ಲಿರುವ ಸುಣ್ಣ ಬಳಿದ ಗೋಡೆಯೂ ತಿಳಿಯಾದ ನೀಲಿ ಆಕಾಶಕ್ಕಿಂತ ಬೆಳ್ಳಗಿರುತ್ತದೆ. ಆದ್ದರಿಂದ ತೀರ್ಪು ಕೊಡಬೇಕಾದದ್ದು ನಿಯಮವಲ್ಲ, ನಡುವಿನ ಎಕ್ಸ್‌ಪೋಶರ್‌ನ ಆ ಚಿತ್ರ. ಸಂಸ್ಕರಣೆ ಮುಗಿದ ಮೇಲೂ ಅದನ್ನು ಅಳಿಸಬೇಡಿ.

ಕ್ರಮ ಸರಿಯಿದ್ದರೂ ಚಿತ್ರ ಸಪ್ಪೆಯಾಗಿ, ಎಲ್ಲವೂ ಒಂದೇ ಬೂದು ಪೊರೆಯ ಹಿಂದಿದ್ದಂತೆ ಕಂಡರೆ, ಅಂತರವನ್ನು ಅತಿಯಾಗಿ ಕುಗ್ಗಿಸಲಾಗಿದೆ. ವೈಟ್ಸ್ ಮತ್ತು ಬ್ಲ್ಯಾಕ್ಸ್‌ಗಳನ್ನು ಹಿಸ್ಟೋಗ್ರಾಮ್‌ನ (ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಎರಡೂ ತುದಿ ಮುಟ್ಟುವಂತೆ ಹರಡಿ, ನಂತರ ಟೋನ್ ಕರ್ವ್‌ನಲ್ಲಿ ನಡುಭಾಗಕ್ಕೆ ಅಲ್ಪ ಕಾಂಟ್ರಾಸ್ಟ್ ಕೊಡಬೇಕು. ಸೂರ್ಯಬಿಂಬಕ್ಕೆ ವಿವರ ಹುಡುಕಬಾರದು. ಅದು ಬಿಳಿಯಾಗಿಯೇ ಇರಲಿ. ಹೈಲೈಟ್ಸ್ ಇಳಿಸಿ ಅದನ್ನು ಬೂದು ಬಿಲ್ಲೆ ಮಾಡಿದ ಚಿತ್ರವನ್ನು ಯಾವ ಸರಿಪಡಿಕೆಯೂ ಉಳಿಸಲಾರದು.

ಅಂಚಿನ ಸುತ್ತ ಬೆಳ್ಳನೆಯ ಪಟ್ಟಿ

ಶಹಾಪುರದ ಮಲಗಿದ ಬುದ್ಧನ ಬೆಟ್ಟ ಹೇಲೋ ಎಂಬ ಈ ಪಟ್ಟಿಯ ದೋಷವನ್ನು ಕಲಿಯುವುದಕ್ಕೆ ಹೇಳಿಮಾಡಿಸಿದಂತಿದೆ. ಹಣೆ, ಮೂಗು, ಎದೆ ಎಂದು ಗುರುತಿಸುವ ಆ ಬೆಟ್ಟಗಳ ಉದ್ದನೆಯ ಅಂಚು ಬಯಲಾದ ಆಕಾಶಕ್ಕೆ ಎದುರಾಗಿ ನಿಂತಿದೆ, ಜನ ನೋಡುವುದೂ ಆ ರೇಖೆಯನ್ನೇ. ಅತಿಯಾಗಿ ಟೋನ್ ಮ್ಯಾಪ್ ಮಾಡಿದ ಚಿತ್ರದಲ್ಲಿ ಬೆಟ್ಟದ ಮೇಲಂಚಿಗೆ ತಾಗಿಕೊಂಡು ಆಕಾಶದಲ್ಲಿ ಒಂದು ಬೆಳ್ಳನೆಯ ಪಟ್ಟಿ, ಕೆಲವೊಮ್ಮೆ ಬೆಟ್ಟದ ಒಳಅಂಚಿನಲ್ಲಿ ಒಂದು ಕಪ್ಪು ಪಟ್ಟಿ ಕಾಣಿಸುತ್ತದೆ.

ಕಾರಣ ಹೀಗಿದೆ. ಸ್ಥಳೀಯ ಟೋನ್ ಮ್ಯಾಪಿಂಗ್‌ನಲ್ಲಿ ತಂತ್ರಾಂಶ ಪ್ರತಿಯೊಂದು ಬಿಂದುವನ್ನೂ ಅದರ ಸುತ್ತಲಿನ ಸರಾಸರಿ ಬೆಳಕಿಗೆ ಹೋಲಿಸಿ ಏರಿಸಬೇಕೋ ಇಳಿಸಬೇಕೋ ಎಂದು ನಿರ್ಧರಿಸುತ್ತದೆ. ಬೆಟ್ಟದಿಂದ ದೂರವಿರುವ ಆಕಾಶದ ಬಿಂದುವಿನ ಸುತ್ತ ಆಕಾಶವೇ ಇರುವುದರಿಂದ ಅದು ಪೂರ್ತಿ ಇಳಿಯುತ್ತದೆ. ಬೆಟ್ಟಕ್ಕೆ ಹತ್ತಿರವಿರುವ ಬಿಂದುವಿನ ಸುತ್ತಲ ಸರಾಸರಿಯಲ್ಲಿ ಕಪ್ಪು ಬಂಡೆಯೂ ಸೇರುವುದರಿಂದ ಅದು ಅಷ್ಟು ಇಳಿಯುವುದಿಲ್ಲ. ಎರಡರ ವ್ಯತ್ಯಾಸವೇ ಆ ಪಟ್ಟಿ. ಅಂಚುಗಳನ್ನು ಎತ್ತಿ ತೋರಿಸುವ ಕ್ಲಾರಿಟಿ, ಮಬ್ಬು ತೆಗೆಯುವ ಡೀಹೇಜ್, ಫೋಟೋಮ್ಯಾಟಿಕ್ಸ್‌ನ ಡೀಟೇಲ್ಸ್ ಎನ್‌ಹ್ಯಾನ್ಸರ್ ಇವೆಲ್ಲವೂ ಬೇರೆ ಬೇರೆ ಪ್ರಮಾಣದಲ್ಲಿ ಈ ದೋಷ ತರಬಲ್ಲವು.

ಬೆಳಗಿನ ಹೊತ್ತು ದಿಗಂತದ ಬಳಿ ಆಕಾಶ ನಿಜವಾಗಿಯೂ ಬೆಳ್ಳಗಿರುತ್ತದೆ, ಏಪ್ರಿಲ್ ಮೇ ತಿಂಗಳ ದೂಳಿನಲ್ಲಂತೂ ಇನ್ನೂ ಹೆಚ್ಚು. ಹಾಗಾದರೆ ನಿಜವಾದ ಹೊಳಪನ್ನು ಹುಸಿ ಹೊಳಪಿನಿಂದ ಬೇರ್ಪಡಿಸುವುದು ಹೇಗೆ? ನಿಜವಾದದ್ದು ದಿಗಂತಕ್ಕೆ ಸಮಾನಾಂತರವಾಗಿ ಹರಡಿ ಮೇಲೆ ಹೋದಂತೆ ನಿಧಾನವಾಗಿ ಕರಗುತ್ತದೆ. ಬೆಟ್ಟದ ಆಕಾರ ಅದಕ್ಕೆ ಗೊತ್ತಿರುವುದಿಲ್ಲ. ಹುಸಿಯಾದದ್ದು ಬುದ್ಧನ ಮೂಗಿನ ಏರಿಳಿತವನ್ನೂ, ಬಂಡೆಯ ಮೇಲಿನ ಒಂಟಿ ಮರವನ್ನೂ ಬಿಡದೆ ಅದೇ ಅಗಲದಲ್ಲಿ ಹಿಂಬಾಲಿಸುತ್ತದೆ. ದೊಡ್ಡದು ಮಾಡಿ ನೋಡಿದರೆ ಅಗಲವಾದ ಹೇಲೋ ಕಣ್ಣಿಗೆ ಬೀಳುವುದಿಲ್ಲ. ಇಡೀ ಚಿತ್ರ ಪರದೆಗೆ ಹಿಡಿಸುವಂತೆ ಇಟ್ಟುಕೊಂಡು ನೋಡಬೇಕು. ಹತ್ತಿರದಿಂದ ಮಾತ್ರ ಕಾಣುವ ಕೂದಲೆಳೆಯ ಬಿಳಿ ಗೆರೆ ಟೋನ್ ಮ್ಯಾಪಿಂಗ್‌ನದಲ್ಲ, ಶಾರ್ಪನಿಂಗ್‌ನದು. ಅದೇ ಗೆರೆ ನೇರಳೆ ಅಥವಾ ಹಸಿರು ಬಣ್ಣದ್ದಾಗಿದ್ದರೆ ಲೆನ್ಸಿನ ಕ್ರೊಮ್ಯಾಟಿಕ್ ಅಬರೇಶನ್. ಲೆನ್ಸ್ ಕರೆಕ್ಷನ್‌ನಲ್ಲಿ ಅದನ್ನು ತೆಗೆಯುವ ಗುರುತು ಹಾಕಿದರೆ ಬಹುಮಟ್ಟಿಗೆ ಹೋಗುತ್ತದೆ.

ನಿವಾರಣೆಗೆ ಮೊದಲು ಕ್ಲಾರಿಟಿಯನ್ನೂ ಡೀಹೇಜನ್ನೂ ಸೊನ್ನೆ ಮಾಡಿ, ಪಟ್ಟಿ ಹೋಯಿತೇ ನೋಡಿ. ಹೋಗದಿದ್ದರೆ ಹೈಲೈಟ್ಸ್ ಮತ್ತು ಶ್ಯಾಡೋಸ್ ಎರಡನ್ನೂ ಅರ್ಧಕ್ಕೆ ತನ್ನಿ. ಅಷ್ಟು ಮಾಡಿದಾಗ ಆಕಾಶ ಮತ್ತೆ ಸುಡುವಂತಾದರೆ, ಆ ದೃಶ್ಯಕ್ಕೆ ಸ್ಲೈಡರ್ ದಾರಿಯಲ್ಲ ಎಂದು ತಿಳಿದು ಮಾಸ್ಕ್‌ಗೆ ಹೋಗಬೇಕು. ಫೋಟೋಶಾಪ್‌ನಲ್ಲಿ ಆಕಾಶಕ್ಕೆ ಸರಿಯಾದ ಚಿತ್ರವನ್ನೂ ನೆಲಕ್ಕೆ ಸರಿಯಾದ ಚಿತ್ರವನ್ನೂ ಎರಡು ಲೇಯರ್‌ಗಳಾಗಿ ಇಟ್ಟು, ಲುಮಿನಾಸಿಟಿ ಮಾಸ್ಕ್ (ಬೆಳಕಿನ ಮಟ್ಟವನ್ನು ಆಧರಿಸಿದ ಮಾಸ್ಕ್) ಮೂಲಕ ಬೆರೆಸುವುದು ನನಗೆ ಹೆಚ್ಚು ನಂಬಿಕೆಯ ದಾರಿ. ಸಮುದ್ರಕ್ಕೊಂದು ನೆಗೆಟಿವ್, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಪ್ರಿಂಟ್ ತೆಗೆಯುವ ಕ್ರಮವನ್ನು ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಅನುಸರಿಸಿದ್ದ. ಪಾಲಿಸಬೇಕಾದ ಶಿಸ್ತು ಇಂದಿಗೂ ಅದೇ. ಹಣ ಕೊಟ್ಟು ತಂತ್ರಾಂಶ ಕೊಳ್ಳಲಾಗದವರಿಗೆ ಉಚಿತವಾಗಿ ಸಿಗುವ ಎನ್‌ಫ್ಯೂಸ್ ಇದೆ. ಅದು ಬೆಳಕಿನ ವ್ಯಾಪ್ತಿಯನ್ನು ಲೆಕ್ಕಹಾಕಿ ಕುಗ್ಗಿಸುವ ಬದಲು ಪ್ರತಿ ಚಿತ್ರದಲ್ಲಿ ಚೆನ್ನಾಗಿ ಬಂದ ಭಾಗಗಳಿಗೆ ಹೆಚ್ಚು ತೂಕ ಕೊಟ್ಟು ಬೆರೆಸುವುದರಿಂದ, ಫಲಿತಾಂಶ ಸ್ವಲ್ಪ ಸಪ್ಪೆಯಾದರೂ ಸಾಮಾನ್ಯವಾಗಿ ಸಹಜವಾಗಿರುತ್ತದೆ.

ಎರಡೆರಡಾಗಿ ಕಾಣುವ ಎಲೆ, ಮೋಡ, ಬಾವುಟ

ಇದು ಸೊನ್ನೆ ಪರೀಕ್ಷೆಯಲ್ಲೇ ಸಿಕ್ಕಿಬೀಳುವ ದೋಷ. ಚಿತ್ರದ ಒಂದು ಭಾಗದಲ್ಲಿ ಮಾತ್ರ ಇದ್ದರೆ ವಸ್ತು ಅಲುಗಾಡಿದೆ; ಬಂಡೆ ಗೋಡೆಗಳೂ ಸೇರಿ ಎಲ್ಲ ಕಡೆ ಇದ್ದರೆ ಕ್ಯಾಮೆರಾ ಅಲುಗಾಡಿದೆ. ಬಂಡೆ ಗೋಡೆಗಳು ಗಟ್ಟಿಯಾಗಿದ್ದು ಹಿನ್ನೆಲೆ ಮಾತ್ರ ಮಸುಕು ಮಸುಕಾಗಿ ಎರಡಾಗಿದ್ದರೆ ಅಪರ್ಚರ್ (ಲೆನ್ಸಿನ ಕಿಂಡಿಯ ಗಾತ್ರ) ಬದಲಾಗಿದೆ ಎಂದು ಅನುಮಾನಿಸಬೇಕು. ಷಟರ್ ಪ್ರಯಾರಿಟಿ ಮೋಡ್‌ನಲ್ಲಿ ಬ್ರಾಕೆಟಿಂಗ್ ಮಾಡಿದರೆ ಕ್ಯಾಮೆರಾ ಷಟರ್ ವೇಗವನ್ನು ಬಿಟ್ಟು ಅಪರ್ಚರನ್ನು ಬದಲಿಸುತ್ತದೆ, ಅದರೊಂದಿಗೆ ಫೋಕಸ್ಸಿನ ಆಳವೂ ಬದಲಾಗುತ್ತದೆ. ಮ್ಯಾನ್ಯುವಲ್ ಅಥವಾ ಅಪರ್ಚರ್ ಪ್ರಯಾರಿಟಿ, ಗೊತ್ತುಪಡಿಸಿದ ಐಎಸ್‌ಒ, ಬೀಗ ಹಾಕಿದ ಫೋಕಸ್, ಬದಲಾಗದ ವೈಟ್ ಬ್ಯಾಲೆನ್ಸ್: ಇಷ್ಟಿದ್ದರೆ ಈ ಬಗೆಯ ತೊಂದರೆ ಬರುವುದಿಲ್ಲ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಆಫ್ ಮಾಡಿ. ಪ್ರತಿ ದೀರ್ಘ ಎಕ್ಸ್‌ಪೋಶರ್ ಆದ ಮೇಲೆ ಅಷ್ಟೇ ಹೊತ್ತು ಕ್ಯಾಮೆರಾ ಸುಮ್ಮನೆ ಕುಳಿತಿರುತ್ತದೆ, ಆ ಹೊತ್ತಿಗೆ ಮೋಡ ಮುಂದೆ ಹೋಗಿರುತ್ತದೆ.

ಜೋಡಿಸುವಾಗ, ಅಲುಗಾಡಿದ ವಸ್ತುಗಳನ್ನು ಸರಿಪಡಿಸುವ ಡೀಘೋಸ್ಟ್ ಆಯ್ಕೆಯಲ್ಲಿ ಲೋ, ಮೀಡಿಯಂ, ಹೈ ಎಂಬ ಮೂರು ಮಟ್ಟಗಳಿವೆ. ಅನೇಕರು ‘ಇರಲಿ’ ಎಂದು ಹೈ ಇಟ್ಟುಬಿಡುತ್ತಾರೆ. ಅಲುಗಾಡಿದ ಜಾಗಕ್ಕೆ ತಂತ್ರಾಂಶ ಎಲ್ಲ ಚಿತ್ರಗಳನ್ನು ಬೆರೆಸುವುದನ್ನು ಬಿಟ್ಟು ಒಂದೇ ಚಿತ್ರದಿಂದ ಆ ತುಂಡನ್ನು ತೆಗೆದುಕೊಳ್ಳುತ್ತದೆ. ಆ ಚಿತ್ರ ಕತ್ತಲೆಯದಾಗಿದ್ದರೆ ಅಲ್ಲಿ ನಾಯ್ಸ್ ತುಂಬಿದ ತೇಪೆ ಬೀಳುತ್ತದೆ. ತೊಗರಿ ಹೂಬಿಟ್ಟ ಹೊಲದಲ್ಲಿ ಗಾಳಿ ಬೀಸುತ್ತಿದ್ದರೆ ಚಿತ್ರದ ಕೆಳಗಿನ ಅರ್ಧವೆಲ್ಲ ಇಂಥ ತೇಪೆಗಳಾಗಿ, ಒಂದು ಕಡೆ ಹಳದಿ ಹೂ ನುಣ್ಣಗೆ, ಪಕ್ಕದಲ್ಲೇ ಮರಳು ಎರಚಿದಂತೆ ಕಾಣುತ್ತದೆ. ಓವರ್‌ಲೇ ತೋರಿಸುವ ಗುರುತು ಹಾಕಿಕೊಂಡು, ಯಾವ ಭಾಗ ತೇಪೆಯಾಗಲಿದೆ ಎಂಬುದನ್ನು ಜೋಡಿಸುವ ಮೊದಲೇ ನೋಡಿ, ಸಾಕಾಗುವ ಅತಿ ಕಡಿಮೆ ಮಟ್ಟವನ್ನು ಆರಿಸಬೇಕು. ಬೆಳೆ ಪೂರ್ತಿ ಅಲ್ಲಾಡುತ್ತಿದ್ದರೆ ಡೀಘೋಸ್ಟ್‌ಗೆ ಬಿಡುವುದಕ್ಕಿಂತ, ಹೊಲದ ಭಾಗವನ್ನೆಲ್ಲ ಒಂದೇ ಎಕ್ಸ್‌ಪೋಶರ್‌ನಿಂದ ತೆಗೆದುಕೊಂಡು ಮಾಸ್ಕ್‌ನಲ್ಲಿ ಸೇರಿಸುವುದು ಉತ್ತಮ. ಗುಡಿ ದರ್ಗಾಗಳ ಮೇಲಿನ ಬಾವುಟಕ್ಕೂ, ಕೆರೆಯ ಮೇಲೆ ಹಾರುವ ಹಕ್ಕಿಗೂ ಇದೇ ಮಾತು.

ಬೇಸಿಗೆಯ ನಡುಹಗಲು ಟೆಲಿ ಲೆನ್ಸ್‌ನಲ್ಲಿ ತೆಗೆದ ಚಿತ್ರಗಳು ಟ್ರೈಪಾಡ್ ಮೇಲಿದ್ದರೂ ಹೊಂದಿಕೊಳ್ಳದಿದ್ದರೆ ಅದು ಬಿಸಿಗಾಳಿಯ ನಡುಕ. ಅದಕ್ಕೆ ತಂತ್ರಾಂಶದಲ್ಲಿ ಪರಿಹಾರವಿಲ್ಲ, ಬೆಳಿಗ್ಗೆ ಹೋಗಬೇಕು.

ಬಣ್ಣದ ದೋಷಗಳು

ಬಣ್ಣಕ್ಕೆ ಕೊನೆಯಲ್ಲಿ ಬಂದದ್ದು ಬೇಕೆಂದೇ. ಬೆಳಕಿನ ಕ್ರಮವೂ ಅಂತರವೂ ಸರಿಯಾದ ಮೇಲೆ ಬಣ್ಣದ ದೂರುಗಳಲ್ಲಿ ಬಹಳಷ್ಟು ಉಳಿಯುವುದಿಲ್ಲ. ಉಳಿದವುಗಳಲ್ಲಿ ಎರಡು ಈ ಭಾಗದಲ್ಲಿ ಮತ್ತೆ ಮತ್ತೆ ಸಿಗುತ್ತವೆ.

ಒಂದು, ಬೀದರ್ ಕೋಟೆಯ ಜಂಬಿಟ್ಟಿಗೆ ಗೋಡೆ ಸಂಜೆ ಬಿಸಿಲಿಗೆ ಕಿತ್ತಳೆಯಾಗಿ, ಹೊಳೆಯುವ ಪ್ಲಾಸ್ಟಿಕ್‌ನಂತೆ ಬರುವುದು. ಕೆಂಪು ಕಲ್ಲಿನ ಮೇಲೆ ಕೆಂಪು ಬಿಸಿಲು ಬಿದ್ದಾಗ ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಪೈಕಿ ಕೆಂಪು ಉಳಿದೆರಡಕ್ಕಿಂತ ಮೊದಲೇ ತುಂಬಿಹೋಗುತ್ತದೆ. ಆಮೇಲೆ ಹಸಿರು ಮಾತ್ರ ಏರುತ್ತ ಹೋಗುವುದರಿಂದ ಬಣ್ಣ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ಜಾರುತ್ತದೆ, ಕಲ್ಲಿನ ತೂತುಗಳ ವಿವರವೂ ಅಳಿಸಿಹೋಗುತ್ತದೆ. ಬ್ರಾಕೆಟ್‌ನ ಕತ್ತಲೆಯ ಚಿತ್ರದಲ್ಲಿ ಆ ಗೋಡೆಯನ್ನು ನೋಡಿ. ಅಲ್ಲಿ ತೂತುಗಳು ಸ್ಪಷ್ಟವಾಗಿದ್ದರೆ ಮಾಹಿತಿ ಇದೆ, ಸಂಸ್ಕರಣೆ ಅದನ್ನು ನುಂಗಿದೆ. ಕೆಂಪು ಮತ್ತು ಕಿತ್ತಳೆಯ ಲುಮಿನನ್ಸ್ (ಆ ಬಣ್ಣಗಳ ಬೆಳಕು) ಇಳಿಸಿದರೆ ಕಲ್ಲು ಮರಳುತ್ತದೆ. ಅಲ್ಲಿಯೂ ಇಲ್ಲದಿದ್ದರೆ ಬ್ರಾಕೆಟ್ ಇನ್ನೊಂದು ಸ್ಟಾಪ್ ಕೆಳಗಿಳಿಯಬೇಕಾಗಿತ್ತು. ಸ್ಥಳದಲ್ಲಿ ಮೂರೂ ಚಾನೆಲ್ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಇಟ್ಟುಕೊಳ್ಳುವುದು ಇದಕ್ಕಾಗಿಯೇ.

ಎರಡನೆಯದು ನೆರಳಿನ ನೀಲಿ. ನೆರಳಿಗೆ ಬೆಳಕು ಬರುವುದು ನೀಲಿ ಆಕಾಶದಿಂದ. ಅದರ ಬಣ್ಣದ ತಾಪ 7000 ಕೆಲ್ವಿನ್ ದಾಟಿರುತ್ತದೆ, ಬಿಸಿಲಿನದು ಸುಮಾರು 5500. ಕತ್ತಲೆಯಾಗಿರುವವರೆಗೆ ಈ ನೀಲಿ ಕಣ್ಣಿಗೆ ಬೀಳುವುದಿಲ್ಲ, ಎತ್ತಿದಾಗ ಬೀಳುತ್ತದೆ. 1472 ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾವನ್ನು ಮಧ್ಯಾಹ್ನದ ಮೇಲೆ ತೆಗೆದವರು ಇಲ್ಲಿ ಮೋಸಹೋಗುವುದುಂಟು. ಪೂರ್ವಕ್ಕಿರುವ ಅದರ ಮುಖ ಆಗ ನೆರಳಿನಲ್ಲಿರುತ್ತದೆ, ಮಿನಾರಿನ ಮೇಲೆ ಉಳಿದಿರುವ ಮೆರುಗಿನ ಹೆಂಚುಗಳಲ್ಲಿ ನೀಲಿ ಇದ್ದೇ ಇದೆ, ಹೀಗಾಗಿ ನೆರಳಿನ ನೀಲಿಯೂ ಹೆಂಚಿನ ಬಣ್ಣವೆಂದೇ ತೋರುತ್ತದೆ. ಹೆಂಚನ್ನು ನೋಡದೆ ಅದರ ಪಕ್ಕದಲ್ಲಿ ಹೆಂಚು ಉದುರಿ ಬರಿದಾದ ಗಾರೆ ಕಲ್ಲುಗಳನ್ನು ನೋಡಿ. ಅವೂ ನೀಲಿಯಾಗಿದ್ದರೆ ನೆರಳಿನ ಭಾಗಕ್ಕೆ ಮಾಸ್ಕ್ ಹಾಕಿ ಟೆಂಪರೇಚರನ್ನು ಹಳದಿಯ ಕಡೆಗೆ ಸ್ವಲ್ಪ ಸರಿಸಬೇಕು. ಪೂರ್ತಿ ತೆಗೆಯಬಾರದು, ನೆರಳು ಬಿಸಿಲಿಗಿಂತ ತಣ್ಣಗೆ ಕಾಣುವುದೇ ಸಹಜ. ಶಹಾಬಾದ್, ಚಿತ್ತಾಪುರದ ಕಡೆ ತೆಗೆದ ಚಿತ್ರಗಳಲ್ಲಿ ಎಲ್ಲೆಲ್ಲೂ ಕಾಣುವ ಬೂದು ಬಣ್ಣದ ಫರ್ಸಿ ಕಲ್ಲು ಇಂಥ ಪರೀಕ್ಷೆಗೆ ಅನುಕೂಲ: ಬಿಸಿಲಿನಲ್ಲಿರುವ ಫರ್ಸಿ ಬೂದಾಗಿದ್ದು ನೆರಳಿನಲ್ಲಿರುವುದು ನೇರಳೆಯಾಗಿದ್ದರೆ ಉತ್ತರ ಸಿಕ್ಕಿತು.

ಹಸಿರು ರಾಸಾಯನಿಕದಂತೆ ಹೊಳೆಯುವುದು ಕಾಂಟ್ರಾಸ್ಟ್ ಹೆಚ್ಚಿಸಿದ್ದರ ಅಡ್ಡ ಪರಿಣಾಮ. ಶಹಾಪುರ ಸುರಪುರದ ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ಹಳದಿ ಮತ್ತು ಹಸಿರಿನ ಸ್ಯಾಚುರೇಶನ್ ಎರಡನ್ನೂ 10 ರಿಂದ 20 ಇಳಿಸಿದರೆ ಸಾಕು.

ಸಣ್ಣಪುಟ್ಟವು

ನೆರಳಿನಲ್ಲಿ ಕೆನ್ನೀಲಿ ಮಚ್ಚೆಗಳು ಬಂದರೆ ಬ್ರಾಕೆಟ್‌ನ ಬೆಳಕಿನ ಚಿತ್ರ ಸಾಕಷ್ಟು ಬೆಳಕಿನದಾಗಿರಲಿಲ್ಲ. ಆಕಾಶದ ನೀಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆದಿದ್ದರೆ ಜೆಪೆಗ್ ಚಿತ್ರಗಳನ್ನು ಜೋಡಿಸಲಾಗಿದೆ: ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳು ಮಾತ್ರ, 14 ಬಿಟ್ ರಾ ಕಡತದಲ್ಲಿ 16384. ಆಕಾಶದಲ್ಲಿ ದುಂಡನೆಯ ಕಪ್ಪು ಚುಕ್ಕೆಗಳು ಸೆನ್ಸರಿನ ಮೇಲಿನ ದೂಳು. ಈ ಕಡೆಯ ದೂಳಿನಲ್ಲಿ ಲೆನ್ಸ್ ಬದಲಿಸುವವರಿಗೆ ಅದು ತಪ್ಪಿದ್ದಲ್ಲ, ಡೀಹೇಜ್ ಅದನ್ನು ಎತ್ತಿ ತೋರಿಸುತ್ತದೆ ಅಷ್ಟೆ. ಒಂದು ಚಿತ್ರದಲ್ಲಿ ಅಳಿಸಿ ಆ ಅಳಿಸಿದ ಗುರುತುಗಳನ್ನು ಇಡೀ ಬ್ರಾಕೆಟ್‌ಗೆ ಸಿಂಕ್ ಮಾಡುವುದಕ್ಕಿಂತ, ಜೋಡಿಸಿದ ಮೇಲೆ ಒಮ್ಮೆ ಅಳಿಸುವುದು ಕಡಿಮೆ ಕೆಲಸ.

ಚಿತ್ರ ಸರಿಯಿದ್ದು ಪರದೆ ತಪ್ಪಿದ್ದರೆ

ನಿಮ್ಮ ಪರದೆಯಲ್ಲಿ ಸಹಜವಾಗಿರುವ ಚಿತ್ರ ಬೇರೆಯವರ ಫೋನ್‌ನಲ್ಲಿ ಅತಿಯಾಗಿ ಕಂಡರೆ, ಅವರ ಫೋನ್‌ನಲ್ಲಿ ವಿವಿಡ್ ಮೋಡ್ ಇದೆಯೇ ಎಂದು ಮೊದಲು ಕೇಳಿ. ಹಲವು ಫೋನ್‌ಗಳಲ್ಲಿ ಕೊಂಡಾಗಿನಿಂದಲೇ ಅದು ಆನ್ ಆಗಿರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೈಟ್ ಲೈಟ್ ಆನ್ ಇಟ್ಟುಕೊಂಡು ರಾತ್ರಿ ಸಂಸ್ಕರಿಸಿದ್ದರೆ ಪರದೆಯ ಹಳದಿಗೆ ಪ್ರತಿಯಾಗಿ ನೀವು ಚಿತ್ರವನ್ನು ನೀಲಿಯಾಗಿಸಿರುತ್ತೀರಿ. ಕಿಟಕಿಯ ಬಿಸಿಲು ಬೀಳುವ ಕೋಣೆಯಲ್ಲಿ ಮಂದ ಪರದೆಯ ಮುಂದೆ ಕುಳಿತವರು ನೆರಳನ್ನು ಬೇಕಾದದ್ದಕ್ಕಿಂತ ಹೆಚ್ಚು ಎತ್ತುತ್ತಾರೆ. ಅದನ್ನೇ ಬೇರೆ ಕಡೆ ನೋಡಿದರೆ ಎರೆಹೊಲ ಬೂದಿಯಾಗಿರುತ್ತದೆ.

ಪ್ರಿಂಟ್ ಹಾಕಿಸುವಾಗ ತೊಂದರೆ ಉಲ್ಟಾ ಆಗುತ್ತದೆ. ಕಾಗದ ತಾನಾಗಿ ಬೆಳಗುವುದಿಲ್ಲ, ಅದು ತೋರಿಸಬಲ್ಲ ವ್ಯಾಪ್ತಿ ಏಳು ಸ್ಟಾಪ್‌ನ ಆಸುಪಾಸು. ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ಸಂಸ್ಕರಿಸಿದ ಚಿತ್ರ ಲ್ಯಾಬ್‌ನಿಂದ ಕತ್ತಲೆಯಾಗಿ ಬರುತ್ತದೆ, ದೂರು ಲ್ಯಾಬಿನವರ ಮೇಲೆ ಹೋಗುತ್ತದೆ. ಪ್ರಿಂಟಿಗೆ ಸಿದ್ಧಪಡಿಸುವಾಗ ಪರದೆಯ ಬೆಳಕು ಚದರ ಮೀಟರಿಗೆ 80 ರಿಂದ 120 ಕ್ಯಾಂಡೆಲಾ ಇರಬೇಕು. ಅಳೆಯುವ ಉಪಕರಣ ಇಲ್ಲದವರು ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕದಲ್ಲಿ ಕೋಣೆಯ ಬೆಳಕಿಗೆ ಹಿಡಿದು, ಪರದೆಯ ಮೇಲಿನ ಖಾಲಿ ಬಿಳಿ ಪುಟ ಅದರಷ್ಟೇ ಬೆಳ್ಳಗೆ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿಕೊಳ್ಳಬಹುದು. ಲ್ಯಾಬ್ ಬೇರೆ ಪ್ರೊಫೈಲ್ ಕೇಳದಿದ್ದರೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಪ್ರೊಫೈಲ್‌ನಲ್ಲಿ ರಫ್ತು ಮಾಡಿ, ‘ಆಟೋ ಕರೆಕ್ಷನ್ ಹಾಕಬೇಡಿ’ ಎಂದು ಹೇಳಿ ಕೊಡಿ. ಲ್ಯಾಬಿನ ಯಂತ್ರ ತನ್ನ ಆಟೋ ಕರೆಕ್ಷನ್‌ನಲ್ಲಿ ನೆರಳನ್ನು ಮತ್ತೊಮ್ಮೆ ಎತ್ತಿಬಿಟ್ಟರೆ ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ದಾಟಿ ಬಂದ ಚಿತ್ರವೂ ಪ್ರಿಂಟಿನಲ್ಲಿ ಕೃತಕವಾಗಿಯೇ ಬರುತ್ತದೆ. ದೊಡ್ಡ ಗಾತ್ರಕ್ಕೆ ಹೋಗುವ ಮೊದಲು ಚಿಕ್ಕ ಪ್ರಿಂಟ್ ಒಂದನ್ನು ತೆಗೆಸಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ತೀರ್ಮಾನಿಸದೆ, ಹೊರಗಿನ ಹಗಲು ಬೆಳಕಿನಲ್ಲಿ ನೋಡಬೇಕು.